ಮುಚ್ಚಳ ತೆಗೆಯುವ ಮುನ್ನ

ನಮ್ಮ ಇನ್ವರ್ಟರ್ ರಿಪೇರಿ ಶೆಡ್ಡಿನಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಸಿಡಿಮಿಡಿ ಅಕ್ಕ ಅಂತ. ಇಪ್ಪತ್ತೆರಡು ವರ್ಷದ ಸರ್ವೀಸು, ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಚಹಾ ತಣ್ಣಗಾಗಿದ್ದರೂ ಬೈಗುಳ, ಸ್ಕ್ರೂ ಸಡಿಲವಿದ್ದರೂ ಬೈಗುಳ. ಪಕ್ಕದ ಮೇಜಿನವನಾದ ನನಗೂ ಸಾಕಷ್ಟು ಬಿದ್ದಿವೆ. ಆದರೆ ಈ ಸಲದ ಸಿಟ್ಟು ಅವಳೊಬ್ಬಳದಲ್ಲ, ನನ್ನದೂ ಹೌದು.

ಚಾವಣಿಯ ಸೋಲಾರ್ ಪ್ಯಾನೆಲ್‌ಗಳಿಂದ ಬರುವ ನಾನೂರು ವೋಲ್ಟಿನ ಡಿಸಿಯನ್ನು ಮನೆಯ ಫ್ಯಾನು, ದೀಪಗಳಿಗೆ ಬೇಕಾದ ಎಸಿಯಾಗಿ ಬದಲಿಸುವ ಪೆಟ್ಟಿಗೆಗಳು ಕೆಟ್ಟಾಗ ನಮ್ಮಲ್ಲಿಗೆ ಬರುತ್ತವೆ. ಮೇಜಿನ ಮೇಲೂ ಅಷ್ಟೇ ವೋಲ್ಟು ಕೊಟ್ಟು ಪರೀಕ್ಷಿಸುತ್ತೇವೆ. ಸ್ವಿಚ್ ಆರಿಸಿದರೂ ಒಳಗಿನ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡೇ ಇರುತ್ತವೆ. ಐದು ನಿಮಿಷ ಕಾಯಬೇಕು, ಮೀಟರ್ ಇಟ್ಟು ನೋಡಬೇಕು, ಆಮೇಲೆ ಕೈ. ಇದು ಅಕ್ಕನ ಕಟ್ಟಪ್ಪಣೆ.

ಹೊಸ ಮ್ಯಾನೇಜರ್ ಬಂದವನೇ ಹಾರಾಡಿದ. "ಒಂದೊಂದು ಪೆಟ್ಟಿಗೆಗೂ ಐದು ನಿಮಿಷ ಕೈ ಕಟ್ಕೊಂಡು ನಿಲ್ಲೋದಾ? ಸ್ವಿಚ್ ಆರಿಸಿದ್ಮೇಲೆ ಏನು ಭಯ? ತಕ್ಷಣ ಬಿಚ್ಚಿ!"

ಅಕ್ಕ ಕೆಂಡಾಮಂಡಲವಾದಳು. ಉಳಿದ ನಾವು? ಬಾಯಿಗೆ ಬೀಗ ಹಾಕಿಕೊಂಡು ತಲೆಯಾಡಿಸಿದೆವು. ಥೂ ನಮ್ಮ ಜನ್ಮಕ್ಕೆ!

ಒಂಬತ್ತನೇ ದಿನ ಬೆಳಿಗ್ಗೆ, ಅಲ್ಲೇ ಕೆಲಸ ಮಾಡುವ ಅಕ್ಕನ ಮೈದುನ ಸ್ವಿಚ್ ಆರಿಸಿದವನೇ, ಅಪ್ಪಣೆಯಂತೆ ಕಾಯದೆ, ಮುಚ್ಚಳ ತೆಗೆದು ಕೈ ಹಾಕಿದ. ಚಟ್ ಅಂತ ಸದ್ದು. ಹಿಂದಿನ ಗೋಡೆಗೆ ಹೋಗಿ ಬಿದ್ದ. ಬಲಗೈಯ ಎರಡು ಬೆರಳು ಹೋದವು. ಇಬ್ಬರು ಮಕ್ಕಳ ತಂದೆ ಅವನು.

ನಾಲ್ಕು ದಿನಕ್ಕೆ ಮ್ಯಾನೇಜರ್ ವರದಿ ಬರೆದು ತಂದ. 'ಅಪಘಾತಕ್ಕೆ ಕಾರಣ: ಕೆಲಸಗಾರನ ಅಜಾಗರೂಕತೆ. ಸ್ವಿಚ್ ಆರಿಸಿದ್ದರಿಂದ ಯಂತ್ರ ಸುರಕ್ಷಿತವಾಗಿತ್ತು.' ಹಾಗಂತ ದಾಖಲಾದರೆ ಮೈದುನನ ಕೆಲಸ ಹೋದ ಹಾಗೆಯೇ. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿಯೆಂದು ಅಕ್ಕನದೇ ಸಹಿ ಬೇಕಂತೆ! ನಾಚಿಕೆ ಎಂಬುದು ಬೇಡವೇ ಮನುಷ್ಯನಿಗೆ?

ಅಕ್ಕ ಬೈಯಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಮುಚ್ಚಳವಿಲ್ಲದ ಪೆಟ್ಟಿಗೆಯೊಂದಕ್ಕೆ ಪೂರ್ತಿ ವೋಲ್ಟು ಕೊಟ್ಟು, ಸ್ವಿಚ್ ಆರಿಸಿ, ಮ್ಯಾನೇಜರನನ್ನು ಕರೆದಳು.

"ಸುರಕ್ಷಿತ ಅಂತ ಬರ್ದಿದೀರಲ್ಲ ಸಾರ್. ಒಂದ್ಸಲ ಒಳಗೆ ಕೈ ಇಡಿ. ಇಟ್ರೆ ಈಗ್ಲೇ ಸಹಿ ಹಾಕ್ತೀನಿ."

ಅವನು ಕೈ ಚಾಚಿದರೆ ತಳ್ಳಿಬಿಡಲೆಂದು ಮರದ ಸ್ಕೇಲು ಹಿಡಿದು ನಿಂತಿದ್ದಳು. ಅದು ಬೇಕಾಗಲೇ ಇಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಏನಿದು, ತಮಾಷೆನಾ?" ಎಂದು ಕೂಗಿದ.

"ಗೊತ್ತಿತ್ತು ನಿಮಗೆ." ಅಕ್ಕ ಸ್ಕೇಲನ್ನು ಮೇಜಿನ ಮೇಲೆ ಕುಕ್ಕಿದಳು. "ಗೊತ್ತಿದ್ದೂ ಅವನ ಕೈ ಹಾಕಿಸಿದ್ರಿ." ವರದಿಯಲ್ಲಿ 'ಅಜಾಗರೂಕತೆ'ಯ ಮೇಲೆ ಅಡ್ಡಗೆರೆ ಎಳೆದು ಅವನ ಮುಂದೆ ಹಿಡಿದಳು. "ನೀವು ಈಗ ಯಾಕೆ ಕೈ ಇಡ್ಲಿಲ್ಲ, ಅದನ್ನ ಬರೀರಿ ಇಲ್ಲಿ. ಕಾರಣ ಅದೇ."

ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಅಕ್ಕನೇ ಬರೆದಳು: 'ಕಾಯದೆ ಬಿಚ್ಚಲು ಮ್ಯಾನೇಜರ್ ಆಜ್ಞೆ ಮಾಡಿದ್ದರು.' ಕೆಳಗೆ ನಾವು ಏಳು ಜನ ಸಹಿ ಹಾಕಿದೆವು. ಆ ವರದಿಯನ್ನು ಅಕ್ಕನೇ ಹಾಗೆಯೇ ಮೇಲಿನ ಆಫೀಸಿಗೆ ತಲುಪಿಸಿದಳು, ಮೈದುನನ ಕೆಲಸ ಉಳಿಯಿತು. ಆಜ್ಞೆ ಬಂದ ದಿನವೇ ನಾವು ಹೀಗೆ ಅಕ್ಕನ ಜೊತೆ ನಿಂತಿದ್ದರೆ ಬೆರಳುಗಳೂ ಉಳಿಯುತ್ತಿದ್ದವು.