ಕಲ್ಲಿದ್ದಲು ಕ್ರೇನಿಗೆ ರಾಮಕ್ಕ ಅಂತ ಹೆಸರು

ಹಿಂದೂಪುರದ ಗೂಡ್ಸ್ ಶೆಡ್ಡಿನಲ್ಲಿ ಕಲ್ಲಿದ್ದಲು ಎತ್ತೋ ಕ್ರೇನಿಗೆ ಎಲ್ಲರೂ ರಾಮಕ್ಕ ಅಂತಾರೆ. ನಾನು ಅಲ್ಲಿ ಕೂಲಿಯವರಿಗೆ ಮಂಡಕ್ಕಿ ಉಗ್ಗಾಣಿ ಮಾರೋಳು. ಕ್ರೇನಿನ ಕಬ್ಬಿಣದ ಬಾಯಿ ವ್ಯಾಗನ್ನಿಗೆ ಇಳಿಯೋಕೆ ಮುಂಚೆ ಡ್ರೈವರು "ರಾಮಕ್ಕಾ" ಅಂತ ಕೂಗಿ ಒಂದು ಗಳಿಗೆ ಕಾಯಬೇಕು. ಇಲ್ಲಿನ ಪದ್ಧತಿ ಅದು.

ಹೊಸದಾಗಿ ಬಂದ ಡ್ರೈವರು ಕೂಗಲಿಲ್ಲ. "ಏನವ್ವಾ, ಕಬ್ಬಿಣಕ್ಕೂ ತೊಟ್ಟಿಲು ಕಟ್ಟಿ ಹೆಸರಿಟ್ರಾ?" ಅಂತ ನನ್ನ ನೋಡಿ ನಕ್ಕ.

"ಹೆಂಗಸಿನ ಹೆಸರು ಕಣಪ್ಪ ಅದು. ಕಲ್ಯಾಣದುರ್ಗದೋಳು. ಒಲೆಗೆ ಅಂತ ವ್ಯಾಗನ್ನಿನ ಮೂಲೇಲಿ ಕಲ್ಲಿದ್ದಲು ಗುಡಿಸ್ಕೊಂತಿದ್ಲು, ನೋಡ್ದೆ ಬಾಯಿ ಇಳಿಸ್ಬುಟ್ರು, ಅಲ್ಲೇ ಸತ್ಲು. ಮೇಸ್ತ್ರಿ ಮಾತ್ರ ಅದನ್ನ ಮುಚ್ಚಾಕೋಕೆ ರೈಲು ಗಾರ್ಡ್ ಜೊತೆ ಓಡೋದ್ಲು ಅಂತ ಸಾರ್ದ. ಆ ಗಾರ್ಡಿಗೆ ಆಗ್ಲೇ ಇಬ್ರು ಹೆಂಡ್ರು, ಮೂರನೆಯೋಳನ್ನ ಎಲ್ಲಿಡ್ತಾನೆ? ಆಮೇಲಿಂದ ಒಳಗೆ ಯಾರಾದ್ರೂ ಇದಾರಾ ಅಂತ ಅವಳ ಹೆಸರನ್ನೇ ಕೂಗಿ ಕೂಗಿ ಕ್ರೇನಿಗೇ ಹೆಸರು ಅಂಟ್ಕೊಂತು."

ಅವನು ಕಿವಿಗೆ ಹಾಕ್ಕೊಳ್ಳದೆ ಲಿವರ್ ಹಿಡಿದ. ನನಗೆ ತಡೀಲಿಲ್ಲ, ನಾನೇ "ರಾಮಕ್ಕಾ!" ಅಂತ ಕಿರುಚಿದೆ.

"ಇದೀನಿ, ತಾಳಪ್ಪ," ಅಂತು ವ್ಯಾಗನ್ನಿನೊಳಗಿಂದ ಒಂದು ಹೆಣ್ಣುದನಿ.

ಅವನು ಬೆವೆತು ಹೋಗಿ ಕ್ರೇನ್ ನಿಲ್ಲಿಸಿ, ವ್ಯಾಗನ್ ಹತ್ತಿ ನೋಡಿದ. ಕಲ್ಲಿದ್ದಲು ಆಯೋಕೆ ಹೋಗಿದ್ದ ಕೂಲಿ ಹೆಂಗಸು ಗಂಗಿ ಜ್ವರದಲ್ಲಿ ಮೈಮರೆತು ಮೂಲೆಯಲ್ಲಿ ಬಿದ್ದಿದ್ದಳು. ಇಳಿಸಿ ನೀರು ಕುಡಿಸಿದೆವು.

"ಸದ್ಯ, ಓಗೊಟ್ಟೆಯಲ್ಲಮ್ಮ," ಅಂದ ಡ್ರೈವರು.

ಗಂಗಿ ಹುಟ್ಟುಮೂಗಿ. ವ್ಯಾಗನ್ನಿನಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ಆ ಮಹಾರಾಯ ಕಕ್ಕಸಿನ ಬಾಗಿಲು ನೂಕೋಕೆ ಮುಂಚೆಯೂ ರಾಮಕ್ಕನ್ನ ಕೂಗಿ, ನಿಂತು, ಆಮೇಲೆ ಒಳಗೆ ಹೋಗ್ತಾನೆ.