ಎರಡೇ ನಿಮಿಷದ ಪ್ರಾರ್ಥನೆ

ಬಟವಾಡಿಯ ನಮ್ಮ ಚರ್ಚಿನ ಪಾಸ್ಟರ್ ಯಾವ ಕೆಲಸಕ್ಕೂ ಮೊದಲು ಕಣ್ಣು ಮುಚ್ಚಿ, "ಎರಡೇ ನಿಮಿಷ ಪ್ರಾರ್ಥನೆ ಮಾಡ್ಬಿಡೋಣ" ಅನ್ನುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಮಕ್ಕಳು ಒಂದು ನಿದ್ದೆ ಮುಗಿಸಿ ಎದ್ದಿರುತ್ತಿದ್ದರು.

ಆ ಮಳೆಗಾಲ ಕೆರೆ ಕೋಡಿ ಹರಿದು ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ, ಎಲ್ಲರಿಗಿಂತ ಮೊದಲು ಒಲೆ ಹೂಡಿ ಅನ್ನ ಬೇಯಿಸಿದವರು ಅವರೇ. ಅದನ್ನು ಬಡಿಸಲು ಬಿಡದವರೂ ಅವರೇ. ಬೆಳಗಿನಿಂದ ಹಸಿದ ಜನ ತಟ್ಟೆ ಹಿಡಿದು ನಿಂತಿದ್ದರು; ಪ್ರಾರ್ಥನೆ ಗುಬ್ಬಿಯವರಿಗೆಲ್ಲ ಒಳ್ಳೆಯದು ಕೇಳಿ ಕುಣಿಗಲ್ಲಿನವರ ಕಡೆ ಹೊರಟಿತ್ತು. ಪಾಸ್ಟರ್ ಉಸಿರೆಳೆದುಕೊಂಡ ಸಂದಿಯಲ್ಲಿ, ಸಾಲಿನಲ್ಲಿದ್ದ ಮುಸ್ಲಿಂ ಅಜ್ಜಿಯೊಬ್ಬರು ಗಟ್ಟಿಯಾಗಿ "ಆಮೀನ್" ಅಂದರು. ಸಾಲಿಗೆ ಸಾಲೇ ಆಮೀನ್ ಅಂದಿತು. ನಾವು ಬಡಿಸಿಯೇಬಿಟ್ಟೆವು.

ಮರುದಿನ ಅನ್ನ ಇಳಿಸಿದ ಮೇಲೆ ಪಾಸ್ಟರ್, ಕಣ್ಣು ಮುಚ್ಚುವ ಮೊದಲು ಸಾಲಿನುದ್ದಕ್ಕೂ ನೋಡಿದರು.

"ಆ ಅಜ್ಜಿ ಬಂದಿದಾರಾ? ಮುಂದಕ್ಕೆ ಕರೀರಿ. ನಂಗೆ ಶುರು ಮಾಡೋಕೆ ಮಾತ್ರ ಬರೋದು."