ಅಕ್ಕ ನೋಡದ ಈರುಳ್ಳಿ ಹೂ

ಈರುಳ್ಳಿಯ ಕುಲದಲ್ಲಿ ಅಡುಗೆಗಲ್ಲ, ಬರೀ ಅಂದಕ್ಕೆಂದೇ ಬೆಳೆಸುವ ಕಾಡು ಜಾತಿಯೊಂದಿದೆ. ಎದೆಮಟ್ಟದ ಬೋಳು ದಂಟು, ತುದಿಯಲ್ಲಿ ನಕ್ಷತ್ರದಂಥ ನೂರಾರು ಹೂ ಸೇರಿ ತೆಂಗಿನಕಾಯಿ ಗಾತ್ರದ ನೇರಳೆ ಚೆಂಡು. ಶೃಂಗೇರಿಯಲ್ಲಿದ್ದ ನಮ್ಮ ಅಕ್ಕ ಅದನ್ನು ಕ್ಯಾಲೆಂಡರಿನಲ್ಲಿ ನೋಡಿ ಮರುಳಾಗಿದ್ದಳು. ಅವಳ ಕಾಯಿಲೆಗೆ ಡಾಕ್ಟರು ಕೈಚೆಲ್ಲಿದ್ದ ವರ್ಷ ಅದು.

"ಹೋಗೋದ್ರೊಳ್ಗೆ ಇದೊಂದು ಹೂ ನೋಡ್ಬೇಕು ಮಾರಾಯ. ನರ್ಸರಿ ಇಟ್ಕಂಡು ಅಷ್ಟೂ ಆಗಲ್ವಾ ನಿಂಗೆ?" ಎಂದು ನಗುತ್ತಲೇ ಕೇಳಿದಳು.

ಬರಿಗೈಯಲ್ಲಿ ಕೊಪ್ಪಕ್ಕೆ ಬಂದು ನರ್ಸರಿ ಕಟ್ಟಿದವನು ನಾನು. ಬೇಸಿಗೆಯಲ್ಲಿ ಶಿವಮೊಗ್ಗಕ್ಕೆ ಬಂದಿದ್ದ ಚಳಿ ಸೀಮೆಯ ವ್ಯಾಪಾರಿಯ ಹತ್ತಿರ ಎರಡು ಗಡ್ಡೆಯ ಬೆಲೆಗೆ ಮೂರು ಕಿತ್ತುಕೊಂಡೆ. "ಮಳೆಗಾಲವಿಡೀ ಫ್ರಿಜ್ಜಿನಲ್ಲಿಡಿ, ಥಂಡಿ ತಾಗದಿದ್ದರೆ ಹೂವಿಲ್ಲ. ದೀಪಾವಳಿಗೆ ನೆಡಿ. ಆಮೇಲೆ ಎಲೆ ಒಣಗತೊಡಗಿದರೆ ಮೊಗ್ಗು ಬಂತೆಂದು ತಿಳಿಯಿರಿ" ಎಂದ.

ನನ್ನ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಅಕ್ಕನ ಮನೆಯವರು ಪೂಜೆ ಮಾಡುವವರು. ಈರುಳ್ಳಿ ಅಲ್ಲಿ ಹೊಸಿಲು ದಾಟುತ್ತಿರಲಿಲ್ಲ, ಫ್ರಿಜ್ಜಿನಲ್ಲಿ ನೈವೇದ್ಯದ ಹಾಲಿರುತ್ತಿತ್ತು. ಅಲ್ಲದೆ ದೀಪಾವಳಿಯವರೆಗೆ ಅವಳು ಉಳಿದಾಳೇ ಎಂಬ ಹೆದರಿಕೆ. ನಮ್ಮ ಮಳೆಗಾಲದ ಥಂಡಿಯೇ ಸಾಕೆಂದು ಜಾಣತನ ಮಾಡಿ, ಗಡ್ಡೆಗಳನ್ನು ಅಕ್ಕನ ಕೈಗಿಟ್ಟು, "ಇದೊಂಥರಾ ಲಿಲ್ಲಿ. ಡೇರೆ ಹೂವಿನ ಗಡ್ಡೆ ಜೊತೆ ಮೊದ್ಲ ಮಳೆಗೇ ಹಾಕು. ಎಲೆ ಒಣಗಿದ್ರೆ ಮೊಗ್ಗು ಅಂತ ತಿಳ್ಕ" ಎಂದುಬಿಟ್ಟೆ.

ಆಷಾಢದಲ್ಲಿ ಪಟ್ಟಿಯಂಥ ಅಗಲ ಎಲೆಗಳು ಬಂದವು. ಶ್ರಾವಣದಲ್ಲಿ ಅಕ್ಕನ ಫೋನು: "ಎಲೆ ಹಳ್ದಿಯಾಗ್ತಿದೆ ಕಣೋ! ಮೊಗ್ಗು ಬಂತು!"

ಮಾರನೆಯ ದಿನವೇ ಹೋದೆ. ಕುಂಡ ಅವಳ ಹಾಸಿಗೆಗೆ ಕಾಣುವಂತೆ ಕಿಟಕಿಯಾಚೆ ಇತ್ತು. ಮಣ್ಣಿಗೆ ಬೆರಳು ಹಾಕಿದೆ. ಗಡ್ಡೆಗಳು ಕೊಳೆತು ಲೋಳೆಯಾಗಿದ್ದವು. ಒಳಗೆ ಬಂದವನ ಕೈ ಹಿಡಿದು ಅವಳು ಮೂಸಿದಳು.

"ಈರುಳ್ಳಿ."

"ಹ್ಞೂಂ."

"ಎಲೆ ಚಿವುಟಿದಾಗ್ಲೇ ಗೊತ್ತಾಗಿತ್ತು. ಇವ್ರಿಗೆ ಹೇಳ್ಲಿಲ್ಲ, ಅಷ್ಟೆ."

ಆಗ ಗಡ್ಡೆ ಕೊಳೆತದ್ದನ್ನೂ, ಅದನ್ನು ಮೊದಲು ಫ್ರಿಜ್ಜಿನಲ್ಲಿಡಬೇಕಿತ್ತೆಂಬುದನ್ನೂ ಬಾಯಿಬಿಟ್ಟೆ.

"ಪೆದ್ದ! ಪಕ್ಕದ ಮನೆ ಟೀಚರಮ್ಮನ ಫ್ರಿಜ್ಜಲ್ಲಿ ಇಡ್ಸ್ತಿದ್ದೆ. ನಾನೇನು ತಿನ್ನಕ್ಕೆ ಹೊರ್ಟಿದ್ನಾ?"

ಯಾರಿಗೇ ಆಗಲಿ ಗಡ್ಡೆ ಕೊಡುವಾಗ ಅದು ಏನೆಂದು ಹೇಳಿ ಕೊಡಿ. ಬೇಡವೆನ್ನುವುದೋ ದಾರಿ ಹುಡುಕುವುದೋ ಅವರಿಗೆ ಬಿಟ್ಟದ್ದು. ಅವರ ಪರವಾಗಿ ನೀವು ತೀರ್ಮಾನ ಮಾಡಬೇಡಿ.

ಅವತ್ತು ಹೊರಡುವಾಗ, ಬೇರೆ ಗಡ್ಡೆ ತರುತ್ತೇನೆ, ಬರುವ ವರ್ಷ ಖಂಡಿತ ಎಂದೆ. ಅಕ್ಕ ಗೋಡೆಯ ಕಡೆ ಹೊರಳಿದಳು. ನವರಾತ್ರಿಗೆ ಅವಳಿರಲಿಲ್ಲ.